ಹೂಕುಂಡಗಳ ಹಿಂದಿನ ಬಾಗಿಲು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಲಾಡ್ಜಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ರೂಮು ಗುಡಿಸಿ, ಒರೆಸಿ, ಹಾಸಿಗೆಯ ಚಾದರ ಬದಲಾಯಿಸುವುದು ಅವಳ ಕೆಲಸ. ಅಕ್ಕ ಎಂದದ್ದು ಗೌರವದಿಂದ ಎಂದೇನೂ ತಿಳಿಯಬೇಕಾಗಿಲ್ಲ. ಎದುರಿಗೆ ಸಿಕ್ಕಾಗ ಅಕ್ಕ, ತಿರುವಿನಲ್ಲಿ ಮರೆಯಾದ ಮೇಲೆ ಜಗಳಗಂಟಿ. ಅದು ಅವಳಿಗೂ ಗೊತ್ತಿತ್ತು. ಅವಳೂ ಆ ಬೀದಿಯ ಜನರ ಬಗ್ಗೆ ಅಂಥ ಒಳ್ಳೆಯ ಅಭಿಪ್ರಾಯವನ್ನೇನೂ ಇಟ್ಟುಕೊಂಡಿರಲಿಲ್ಲವಾದ್ದರಿಂದ ಎರಡೂ ಕಡೆಯ ಲೆಕ್ಕ ಚುಕ್ತಾ ಆಗಿತ್ತು.

ಬೇರೆಯವರು ಮಲಗೆದ್ದ ಹಾಸಿಗೆಯನ್ನು ವರ್ಷಗಟ್ಟಲೆ ಸರಿಮಾಡಿದವಳಿಗೆ ಮನುಷ್ಯರ ಮೇಲೆ ಗೌರವ ಉಳಿಯುವುದು ಕಷ್ಟ. ಇಸ್ತ್ರಿ ಅಂಗಿ ತೊಟ್ಟು ಬಂದವರು ಕಿಟಕಿಯ ಪರದೆಯಲ್ಲಿ ಬೂಟು ಒರೆಸಿ ಹೋಗುತ್ತಿದ್ದರು. ಕೆಳಗೆ ಕೌಂಟರಿನಲ್ಲಿ ಗತ್ತಿನಿಂದ ಮಾತಾಡಿದವರು ಮೇಲೆ ಹೋಗಿ ಬೇಸಿನ್ನಿನೊಳಗೆ ಕಾಲಿಟ್ಟು ತೊಳೆದು, ಅದನ್ನು ಗೋಡೆಯಿಂದ ಕಿತ್ತಿಟ್ಟು, ಏನೂ ಆಗದವರ ಹಾಗೆ ಇಳಿದು ಬರುತ್ತಿದ್ದರು. ಮಾಲೀಕ ಅವರಿಗಿಂತ ಒಂದು ಕೈ ಮೇಲೆ. ಹಾಸಿಗೆಯಲ್ಲಿ ಕಲೆ ಇದೆಯೇ, ಮಗುಚಿ ಹಾಕು. ಮೇಜಿನ ಮೇಲೆ ಸಿಗರೇಟು ಸುಟ್ಟ ಗುರುತೇ, ಅದರ ಮೇಲೆ ದೀಪ ಇಡು. ಗೋಡೆ ತೇವ ಹಿಡಿದಿದೆಯೇ, ಜಲಪಾತದ ಚಿತ್ರ ನೇತುಹಾಕು. ಆ ಲಾಡ್ಜಿನಲ್ಲಿ ಜಲಪಾತದ ಚಿತ್ರವಿದ್ದ ರೂಮುಗಳಲ್ಲೆಲ್ಲ ಚಿತ್ರದ ಹಿಂದೆ ನಿಜವಾಗಿಯೂ ನೀರು ಇಳಿಯುತ್ತಿತ್ತು. ಲಾಡ್ಜಕ್ಕ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಿದ್ದಳು, ಮಾಡುತ್ತಲೇ ಮಾಲೀಕನನ್ನು ಮನಸ್ಸಿನಲ್ಲಿ ಬೈಯುತ್ತಿದ್ದಳು. ಬೈದುಕೊಂಡು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವಳ ಅನುಭವ.

ಅವಳ ಗಂಡ ಪಂಕ್ಚರ್ ಅಂಗಡಿಯವನು. ಒಳ್ಳೆಯವನೇ, ಆದರೆ ಯಾರು ಏನಂದರೂ ಗೋಣು ಅಲ್ಲಾಡಿಸುವ ಜಾತಿಯವನು. ಇಬ್ಬರು ಜಗಳವಾಡುತ್ತಿದ್ದರೆ ನಡುವೆ ನಿಂತು ಇಬ್ಬರಿಗೂ ಹೌದು ಅನ್ನುವಷ್ಟು ಸಾಧು. ಇವರಿಗೆ ಒಬ್ಬಳೇ ಮಗಳು. ಒಂದು ಕಡೆ ಕೂರದ ಹುಡುಗಿಯೆಂದು ಮನೆಯಲ್ಲಿ ಮಿಂಚು ಎಂದು ಕರೆದದ್ದು ಬೀದಿಗೂ ಹಬ್ಬಿ, ಶಾಲೆಗೂ ಹೋಗಿ, ಅದೇ ಹೆಸರಾಗಿ ಉಳಿದಿತ್ತು. ಅವಳು ಓದುತ್ತಿದ್ದದ್ದು ಬೀದಿಯ ತುದಿಯ ಸರ್ಕಾರಿ ಶಾಲೆಯಲ್ಲಿ, ಆರನೇ ಕ್ಲಾಸು.

ಆ ಮಿಂಚು ಒಂದು ದಿನ ಶಾಲೆಯಿಂದ ಬಂದವಳು ಚೀಲ ಎಸೆದು ಬಚ್ಚಲಿಗೆ ಓಡಿದಳು. ದಿನಾ ಓಡುತ್ತಿದ್ದಳು, ಅಂದು ಒಳಗಿನಿಂದ ಅಳು ಕೇಳಿತು. ಸಮವಸ್ತ್ರ ಒದ್ದೆಯಾಗಿತ್ತು, ಮೈ ಮುಟ್ಟಿದರೆ ಕೆಂಡ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಉರಿಮೂತ್ರ, ಸೋಂಕು ಮೇಲಕ್ಕೆ ಹೋಗುತ್ತಿದೆ, ಹುಡುಗಿ ನೀರೇ ಕುಡಿಯುತ್ತಿಲ್ಲ, ತಡೆದಿಟ್ಟುಕೊಳ್ಳುತ್ತಿದ್ದಾಳೆ, ಇದು ಹೀಗೇ ನಡೆದರೆ ಮೂತ್ರಪಿಂಡಕ್ಕೆ ಕುತ್ತು ಎಂದು ಬೈದರು. ಬೈದದ್ದು ತಾಯಿಯನ್ನೇ, ತಾಯಂದಿರು ಇರುವುದೇ ಅದಕ್ಕೆ ಎಂಬಂತೆ.

ಮನೆಗೆ ಬಂದು ಲಾಡ್ಜಕ್ಕ ಮಗಳ ನೀರಿನ ಬಾಟಲಿ ತೆಗೆದು ನೋಡಿದಳು. ಬೆಳಿಗ್ಗೆ ತುಂಬಿ ಕೊಟ್ಟದ್ದು ಹಾಗೇ ಇತ್ತು.

"ಯಾಕೆ ಕುಡಿಯಲ್ವೇ ನೀನು?"

"ಕುಡಿದ್ರೆ ಹೋಗ್ಬೇಕಾಗುತ್ತೆ."

"ಹೋಗು ಮತ್ತೆ."

"ಎಲ್ಲಿಗೆ?" ಎಂದಳು ಮಿಂಚು.

ಎಲ್ಲಿಗೆ ಎಂಬುದನ್ನು ನೋಡಲು ಲಾಡ್ಜಕ್ಕ ಮರುದಿನ ಶಾಲೆಗೆ ಹೋದಳು. ಹುಡುಗಿಯರ ಕಕ್ಕಸು ಶಾಲೆಯ ಹಿಂದೆ ಕಾಂಪೌಂಡಿಗೆ ಒರಗಿಕೊಂಡಿತ್ತು. ಮೇಲಿನ ಶೀಟು ಹಾರಿಹೋಗಿ ಆಕಾಶ ಕಾಣುತ್ತಿತ್ತು. ಬಾಗಿಲು ಒಂದೇ ಕೀಲಿನಲ್ಲಿ ನೇತಾಡುತ್ತಿತ್ತು. ನಲ್ಲಿಯ ಜಾಗದಲ್ಲಿ ತೂತು. ಒಳಗಿನದನ್ನು ಲಾಡ್ಜಿನ ಎಲ್ಲ ರೂಮುಗಳನ್ನು ಕಂಡವಳಿಗೂ ಮೂಗು ಮುಚ್ಚದೆ ನೋಡಲಾಗಲಿಲ್ಲ. ನೀರಿದ್ದದ್ದು ಹುಡುಗರದ್ದಕ್ಕೆ ಮಾತ್ರ. ದೊಡ್ಡ ಕ್ಲಾಸಿನ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುತ್ತಿರಲಿಲ್ಲ. ಯಾಕೆ ಬರುತ್ತಿಲ್ಲವೆಂದು ಅವರ ತಾಯಂದಿರಿಗೆ ಗೊತ್ತಿತ್ತು, ಟೀಚರುಗಳಿಗೆ ಗೊತ್ತಿತ್ತು, ಹೆಡ್‌ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಸಭ್ಯರಾಗಿದ್ದರು.

ಹೆಡ್‌ಮೇಷ್ಟ್ರು ಸವೆದ ಕುರ್ಚಿಯಲ್ಲಿ ಸವೆದೇ ಕೂತಿದ್ದರು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು.

"ಎಲ್ಲಾ ಮೇಲಿಂದ ಬರ್ಬೇಕಮ್ಮಾ."

"ಮೇಲಿಂದ ಮಳೆ ಬರ್ತಿದೆ ಸಾರ್, ಇನ್ನೇನೂ ಬಂದಿಲ್ಲ."

ಮೇಷ್ಟ್ರು ನಗಲಿಲ್ಲ. ಸುತ್ತ ನೋಡಿ ದನಿ ತಗ್ಗಿಸಿ, "ಮುಂದಿನ ವಾರ ಇಲಾಖೆ ಸಾಹೇಬ್ರು ಬರ್ತಾರೆ. ಈ ಸಲ ರಿಪೇರಿ ದುಡ್ಡು ಕೆಲವೇ ಶಾಲೆಗೆ. ಯಾವುದು ತೀರಾ ಕೆಟ್ಟಿದೆ ಅಂತ ಅವರೇ ಕಣ್ಣಾರೆ ನೋಡಿ ಆರಿಸ್ತಾರೆ. ನಾನು ಬಾಯಿ ಬಿಟ್ರೆ ವರ್ಗ ಮಾಡ್ತಾರೆ. ಅಪ್ಪ ಅಮ್ಮಂದಿರು ಬಂದು ನಿಂತು ಹೇಳಿದ್ರೆ ಕೇಳ್ತಾರೇನೋ" ಎಂದರು. ಅಷ್ಟು ಹೇಳಿದ್ದಕ್ಕೇ ಬೆವರು ಒರೆಸಿಕೊಂಡರು. ಇಂಥವರ ಕೈಯಲ್ಲಿ ಮಕ್ಕಳು ಧೈರ್ಯ ಕಲಿಯಬೇಕು ಎಂದುಕೊಳ್ಳುತ್ತ ಲಾಡ್ಜಕ್ಕ ಎದ್ದು ಬಂದಳು.

ಮಿಂಚು ಜ್ವರ ಇಳಿದು ಮೂಲೆಯಲ್ಲಿ ಕೂತಿದ್ದಳು. "ನಾನಿನ್ನು ಶಾಲೆಗೆ ಹೋಗಲ್ಲ" ಎಂದಳು. ಗಂಡ ತನ್ನ ಅಭ್ಯಾಸದಂತೆ ಅದಕ್ಕೂ ಗೋಣು ಅಲ್ಲಾಡಿಸಿದ. ಲಾಡ್ಜಕ್ಕ ಇಬ್ಬರನ್ನೂ ದುರುಗುಟ್ಟಿ ನೋಡಿ, ಚಪ್ಪಲಿ ಮೆಟ್ಟಿ ಹೊರಟಳು.

ಕೆಲಸ ಮುಗಿಸಿ ಬಂದ ಸಂಜೆಗಳಲ್ಲೆಲ್ಲ ಅವಳು ಮನೆ ಮನೆಯ ಬಾಗಿಲು ತಟ್ಟಿದಳು. ಆ ಮನೆಗಳ ಮಕ್ಕಳು ಆ ಶಾಲೆಯಲ್ಲೇ ಓದುತ್ತಿದ್ದರು, ಅಲ್ಲಿನ ಸೋರುವ ಸೂರಿನ ಕೆಳಗೇ ನೆನೆಯುತ್ತಿದ್ದರು. ಟೈಲರಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಎಲ್ಲ ಕೇಳಿ, "ನಾನೊಬ್ಬಳು ಬಂದು ಏನಾಗುತ್ತೆ ಅಕ್ಕಾ" ಎಂದಳು. ಪಕ್ಕದ ಮನೆಯವಳದ್ದೂ ಅದೇ ಮಾತು, ಅದರ ಪಕ್ಕದವಳದ್ದೂ ಅದೇ. ಒಬ್ಬಳು, ಒಬ್ಬಳು ಎಂದು ಹೇಳುತ್ತ ಬೀದಿ ತುಂಬ ಹೆಂಗಸರಿದ್ದರು. ಆಟೋದವನು ದುಡ್ಡಿದ್ದವರು ಪ್ರೈವೇಟಿಗೆ ಹಾಕುತ್ತಾರೆ, ಇಲ್ಲದವರು ಸುಮ್ಮನಿರಬೇಕು ಎಂಬ ತತ್ವವನ್ನು ತಾನೇ ಕಂಡುಹಿಡಿದವನಂತೆ ಬೋಧಿಸಿದ. ಬೇಕರಿಯವನು ಪುಕ್ಕಟೆ ಪುಸ್ತಕ ಕೊಡುತ್ತಾರಲ್ಲ, ಇನ್ನೂ ಏನು ಬೇಕು ಎಂದ. ತನ್ನ ಮಗುವಿಗೆ ಸಿಗಬೇಕಾದ್ದನ್ನು ಕೇಳುವುದೆಂದರೆ ಭಿಕ್ಷೆ ಎತ್ತಿದ ಹಾಗೆ ನಾಚಿಕೊಳ್ಳುವ ಜನ, ಸಿಗದಿದ್ದಾಗ ಮಾತ್ರ ಯಾವ ನಾಚಿಕೆಯೂ ಇಲ್ಲದೆ ಹಾಯಾಗಿದ್ದರು.

ಬೈಯಬೇಕೆಂದು ನಾಲಿಗೆ ತುರಿಸಿದರೂ ಲಾಡ್ಜಕ್ಕ ತಡೆದುಕೊಂಡಳು. ಅವಳಿಗೆ ಜನ ಬೇಕಿತ್ತು. ಕಾಯಿಲೆ ಅಂದರೆ ಬರುವುದಿಲ್ಲ, ಹಕ್ಕು ಅಂದರೆ ಬರುವುದಿಲ್ಲ, ಇನ್ನು ಏನು ಅಂದರೆ ಬರುತ್ತಾರೆ? ಯೋಚಿಸಿ ಮಾತು ಬದಲಾಯಿಸಿದಳು. "ದೊಡ್ಡ ಸಾಹೇಬ್ರು ಕಾರಲ್ಲಿ ಬರ್ತಿದ್ದಾರೆ, ಫೋಟೋ ತೆಗೀತಾರೆ. ನಮ್ಮ ಬೀದಿಯವರು ಯಾರೂ ಇಲ್ದಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಎಂದಳು.

ಮರ್ಯಾದೆ ಎಂದದ್ದೇ ತಡ, ಟೈಲರಮ್ಮ ಬಾಯಿಂದ ಪಿನ್ನು ತೆಗೆದಳು. ಆಟೋದವನು ತತ್ವ ಬಿಟ್ಟು ಎದ್ದು ನಿಂತ. ಎಷ್ಟು ಹೊತ್ತಿಗೆ, ಯಾವ ಬಟ್ಟೆ, ಮಕ್ಕಳಿಗೆ ಸಮವಸ್ತ್ರ ಒಗೆದು ಹಾಕಬೇಕೇ ಎಂದು ಅವರೇ ಕೇಳತೊಡಗಿದರು. ಅಂತೂ ಕುಂಭಕರ್ಣರನ್ನು ಎಬ್ಬಿಸಿದೆ ಎಂದು ಲಾಡ್ಜಕ್ಕ ಹಿಗ್ಗಿದಳು. ಎಬ್ಬಿಸಿದ್ದು ಯಾವುದಕ್ಕೆ ಎಂದು ಯೋಚಿಸಲಿಲ್ಲ. ಮನುಷ್ಯರ ಬುದ್ಧಿಯೆಲ್ಲ ತನಗೆ ಗೊತ್ತು ಎಂದು ಮೆರೆಯುವವಳಿಗೆ ಅಷ್ಟು ಮಾತ್ರ ಹೊಳೆಯಲಿಲ್ಲ.

ಸಾಹೇಬರು ಬರುವ ದಿನ ಅವಳು ಲಾಡ್ಜಿನಲ್ಲಿ ಬೆಳಗಿನ ಕೆಲಸ ಮುಗಿಸಿ, ಉಳಿದದ್ದನ್ನು ಜೊತೆಯವಳಿಗೆ ಒಪ್ಪಿಸಿ ಶಾಲೆಗೆ ಓಡಿದಳು. ಗೇಟಿನಲ್ಲಿ ಕಾಲು ಹೂತ ಹಾಗೆ ನಿಂತುಬಿಟ್ಟಳು.

ಶಾಲೆ ಫಳಫಳ ಹೊಳೆಯುತ್ತಿತ್ತು.

ಬೀದಿಯ ಜನ ಹಿಂದಿನ ದಿನ ಅವಳು ಲಾಡ್ಜಿನಲ್ಲಿದ್ದಾಗಲೇ ಬಕೆಟ್ಟು, ಪೊರಕೆ, ಏಣಿ ಹಿಡಿದು ಬಂದಿದ್ದರು. ಅವರ ಮುಂದಾಳು ಪಾಲಕರ ಸಮಿತಿಯ ಅಧ್ಯಕ್ಷ, ಪೇಂಟಿನ ಅಂಗಡಿಯವನು. ಅವನ ಮಗ ಕಳೆದ ವರ್ಷವೇ ಈ ಶಾಲೆ ಬಿಟ್ಟು ಹಳದಿ ವ್ಯಾನು ಹತ್ತಿ ಪ್ರೈವೇಟು ಶಾಲೆಗೆ ಹೋಗುತ್ತಿದ್ದ. ಅಪ್ಪ ಮಾತ್ರ ಸಮಿತಿಯ ಕುರ್ಚಿಯಿಂದ ಎದ್ದಿರಲಿಲ್ಲ, ಏಳು ಎನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ. ಅಂಗಡಿಯಲ್ಲಿ ಮಾರದೆ ಉಳಿದ ಬಣ್ಣವನ್ನೆಲ್ಲ ತಂದು ಗೋಡೆಗೆ ಬಳಿಸಿದ್ದ. ಮುರಿದ ಬೆಂಚುಗಳು ಹಿಂದುಗಡೆ ಟಾರ್ಪಾಲಿನ ಕೆಳಗೆ ಹೋಗಿದ್ದವು. ಅವುಗಳ ಜಾಗದಲ್ಲಿ ಬಾಡಿಗೆ ಕುರ್ಚಿಗಳು, ಸೋರುವ ಸೂರಿನ ಕೆಳಗೆ ನೆರಿಗೆ ನೆರಿಗೆಯ ಶಾಮಿಯಾನದ ಬಟ್ಟೆ. ಆರನೇ ಕ್ಲಾಸಿನ ಗೋಡೆಯಲ್ಲಿ ತೇವ ಹಿಡಿದು ಉದುರಿದ್ದ ಜಾಗಕ್ಕೆ ಸರಿಯಾಗಿ ಯಾರೋ ದೊಡ್ಡದೊಂದು ಪ್ರಪಂಚದ ನಕ್ಷೆ ನೇತುಹಾಕಿದ್ದರು. ಅದನ್ನು ಕಂಡು ಲಾಡ್ಜಕ್ಕನಿಗೆ ಲಾಡ್ಜಿನ ಜಲಪಾತ ನೆನಪಾಯಿತು. ಮಾಲೀಕನಾದರೋ ದುಡ್ಡಿಗಾಗಿ ಮುಚ್ಚಿಡುತ್ತಿದ್ದ. ಇವರು ತಮ್ಮ ಮಕ್ಕಳಿಗೆ ಬರುವುದನ್ನು ತಪ್ಪಿಸಲು ರಜೆ ಹಾಕಿ, ಬೆವರು ಸುರಿಸಿ ಮುಚ್ಚಿಟ್ಟಿದ್ದರು.

ಅವಳು ಹಿಂದುಗಡೆಗೆ ಧಾವಿಸಿದಳು. ಹುಡುಗಿಯರ ಕಕ್ಕಸಿನ ಬಾಗಿಲನ್ನು ಎತ್ತಿ ನಿಲ್ಲಿಸಿ, ಮೊಳೆ ಹೊಡೆದು, ನೀಲಿ ಬಣ್ಣ ಬಳಿದಿದ್ದರು. ಅದರ ಮುಂದೆ ನರ್ಸರಿಯಿಂದ ತಂದ ಹೂಕುಂಡಗಳ ಸಾಲು. ಕುಂಡಗಳಲ್ಲಿ ಹೂವು ಅರಳಿತ್ತು, ಹೂವಿನ ಮೇಲೆ ನೀರು ಚಿಮುಕಿಸಿದ್ದರು. ಹುಡುಗಿಯರಿಗೆ ಸಿಗದ ನೀರು ಅದಕ್ಕೆ ಎಲ್ಲಿಂದಲೋ ಸಿಕ್ಕಿತ್ತು.

ಲಾಡ್ಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಕುಂಡಕ್ಕೆ ಕೈ ಹಾಕಿದಳು. ಅಧ್ಯಕ್ಷ ಓಡಿ ಬಂದ.

"ಏಯ್ ಏಯ್, ಏನಮ್ಮಾ ಇದು? ಈಗಷ್ಟೇ ಜೋಡ್ಸಿದ್ದು!"

"ಇದನ್ನ ನೋಡೋಕೆ ತಾನೇ ಸ್ವಾಮಿ ಸಾಹೇಬ್ರು ಬರ್ತಿರೋದು? ಇದನ್ನೇ ಮುಚ್ಚಿದ್ರೆ ಅವ್ರು ಏನು ನೋಡ್ಬೇಕು?"

"ಮನೆಗೆ ನೆಂಟ್ರು ಬಂದ್ರೆ ಕಸ ತೋರಿಸ್ತೀಯಾ ನೀನು?"

"ನೆಂಟ್ರಲ್ಲ ಅವ್ರು, ರಿಪೇರಿ ಮಾಡ್ಸೋರು. ರಿಪೇರಿಯವನು ಬಂದಾಗ ಕೆಟ್ಟ ನಲ್ಲಿ ಬಚ್ಚಿಡ್ತೀರಾ?"

ಅಷ್ಟರಲ್ಲಿ ಹೆಂಗಸರು ಸುತ್ತ ಸೇರಿದರು. ಟೈಲರಮ್ಮ ಹೊಸ ಸೀರೆಯಲ್ಲಿ ಬಂದು, "ಅಕ್ಕಾ, ನೀವೇ ಅಲ್ವಾ ಮರ್ಯಾದೆ ಅಂದಿದ್ದು? ಈಗ ನೀವೇ ತೆಗೀತೀರಲ್ಲ" ಎಂದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂದು ಲಾಡ್ಜಕ್ಕ ಇನ್ನೊಂದು ಕುಂಡಕ್ಕೆ ಕೈ ಹಾಕಿದಳು. ಗಂಡ ಗುಂಪಿನಿಂದ ತೂರಿ ಬಂದು ಅವಳ ರಟ್ಟೆ ಹಿಡಿದ.

"ಬಿಡೇ, ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಕಣ್ರೀ ನಾನು ಬಾಯಿ ಬಡ್ಕೊಳ್ತಿರೋದು!"

ಗೇಟಿನ ಕಡೆಯಿಂದ ಕಾರಿನ ಸದ್ದು ಬಂತು. ಕ್ಷಣದಲ್ಲಿ ಹಿಂದುಗಡೆ ಖಾಲಿಯಾಯಿತು. ಅಧ್ಯಕ್ಷ ಹೋಗುತ್ತ ಹೋಗುತ್ತ ಒಂದು ಉಪಾಯ ಮಾಡಿದ. "ನಿಂಗೆ ಲಾಡ್ಜಲ್ಲಿ ಗೆಸ್ಟ್‌ಗಳನ್ನ ನೋಡ್ಕೊಂಡು ಅಭ್ಯಾಸ ಇದೆ. ಸಾಹೇಬ್ರಿಗೆ ಕುಡಿಯೋಕೆ ಕೊಡೋದು ನಿನ್ನ ಜವಾಬ್ದಾರಿ. ಅಷ್ಟು ಮಾಡು, ಬಾಯಿ ಮುಚ್ಕೊಂಡಿರು" ಎಂದ. ಕೈಗೆ ಕೆಲಸ ಕೊಟ್ಟರೆ ಬಾಯಿ ಸುಮ್ಮನಿರುತ್ತದೆ ಎಂದು ಅವನ ಎಣಿಕೆ. ಲಾಡ್ಜಕ್ಕ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಬಹಳ ಸಾಧುವಾಗಿ, "ಆಗ್ಲಿ ಸ್ವಾಮಿ" ಎಂದಳು. ಅವಳ ಗಂಡ ಆ ದನಿ ಕೇಳಿ ಬೆಚ್ಚಿಬಿದ್ದ. ಅಷ್ಟು ಸಾಧುವಾಗಿ ಅವಳು ಮದುವೆಯಾದಾಗಿನಿಂದ ಮಾತಾಡಿರಲಿಲ್ಲ.

ಸಾಹೇಬರು ಕೆಟ್ಟವರೇನಲ್ಲ, ಸುಸ್ತಾದವರು. ಬೆಳಗಿನಿಂದ ಶಾಲೆ ಶಾಲೆ ಅಲೆದು, ಎಲ್ಲ ಕಡೆ ಗೋಳು ಕೇಳಿ ಬಂದಿದ್ದರು. ಇಲ್ಲಿ ಬಣ್ಣದ ಗೋಡೆ, ಸಾಲು ಕುರ್ಚಿ, ನಗುಮುಖದ ಪಾಲಕರನ್ನು ಕಂಡು ಅವರ ಮುಖ ಅರಳಿತು. ಸಮಸ್ಯೆ ಇಲ್ಲದ ಜಾಗ ಸಿಕ್ಕರೆ ಯಾವ ಅಧಿಕಾರಿಗೆ ಸಂತೋಷವಾಗುವುದಿಲ್ಲ? ಅವರು ಸಿಮೆಂಟಿನ ವೇದಿಕೆಯ ಮೇಲೆ ಆರಾಮಾಗಿ ಕೂತರು. ಲಾಡ್ಜಕ್ಕ ತಟ್ಟೆ ಹಿಡಿದು ಬಂದಳು.

ಮೊದಲು ನೀರು. ಬಿಸಿಲಲ್ಲಿ ಬಂದಿದ್ದೀರಿ ಎಂದು ಜ್ಯೂಸು. ಅಧ್ಯಕ್ಷ ಸ್ವಾಗತ ಭಾಷಣ ಶುರುಮಾಡಿದಾಗ ಟೀ. ಅದರಲ್ಲಿ ತನ್ನ ಸೇವೆಗಳ ಪಟ್ಟಿ ಬಂದಾಗ ಇನ್ನೊಂದು ಲೋಟ ಜ್ಯೂಸು. ಸಾಹೇಬರು ಬೇಡವೆಂದು ಕೈ ಅಡ್ಡ ಹಿಡಿದರೆ, "ಮಕ್ಕಳು ಆಸೆಯಿಂದ ಮಾಡಿದ್ದು ಸಾರ್" ಎನ್ನುತ್ತಿದ್ದಳು. ಆ ಮಾತಿಗೆ ಇಲ್ಲವೆನ್ನುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ಅಪ್ಪನ ಜೊತೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದ ಮಿಂಚು ಅಮ್ಮನನ್ನೇ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಅಧ್ಯಕ್ಷನ ಭಾಷಣ ಯಥಾಪ್ರಕಾರ ಮುಗಿಯಲಿಲ್ಲ. ಲಾಡ್ಜಕ್ಕನಿಗೆ ಜೀವನದಲ್ಲಿ ಮೊದಲ ಸಲ ಅವನ ಮಾತು ಇನ್ನಷ್ಟು ಹೊತ್ತು ನಡೆಯಲಿ ಎನಿಸಿತು.

ಸಾಹೇಬರು ಮೊದಲು ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಕಾಲು ಬದಲಾಯಿಸಿದರು. ಆಮೇಲೆ ಮೊಣಕಾಲು ಕುಣಿಸತೊಡಗಿದರು. ಕೊನೆಗೆ ಅಧ್ಯಕ್ಷನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಅಂದರು. ಅಧ್ಯಕ್ಷನ ಮುಖದ ಬಣ್ಣ ಇಳಿಯಿತು. ಹೆಡ್‌ಮೇಷ್ಟ್ರ ಕಡೆ ನೋಡಿದ, ಮೇಷ್ಟ್ರು ಸೂರಿನ ಬಟ್ಟೆಯ ನೆರಿಗೆ ಎಣಿಸುವವರಂತೆ ಮೇಲೆ ನೋಡಿದರು. ಹುಡುಗರ ಕಕ್ಕಸಿಗೆ ಕರೆದೊಯ್ಯಬೇಕೆಂದರೆ ಮುರಿದ ಬೆಂಚು ಮುಚ್ಚಿಟ್ಟ ಟಾರ್ಪಾಲು ದಾಟಬೇಕು. ಅಧ್ಯಕ್ಷ ಹಲ್ಲು ಗಿಂಜುತ್ತ, "ಇಲ್ಲೇ ಹಿಂದಿನ ಬೀದೀಲಿ ನಮ್ಮನೆ ಸಾರ್, ಎರಡೇ ಹೆಜ್ಜೆ" ಎಂದು ಸಾಹೇಬರನ್ನು ಎಬ್ಬಿಸಿಕೊಂಡು ಹೋದ. ನೆರೆದ ಜನ ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದರು. ಅದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ಮರಳಿ ಬಂದ ಸಾಹೇಬರು ಹಗುರಾಗಿದ್ದರು. ಮೈಕು ಹಿಡಿದು, ಇಷ್ಟು ಅಚ್ಚುಕಟ್ಟಾದ ಸರ್ಕಾರಿ ಶಾಲೆಯನ್ನು ತಾನು ಕಂಡಿಲ್ಲ, ಪಾಲಕರೆಂದರೆ ಹೀಗಿರಬೇಕು, ಸರ್ಕಾರದ ಮುಂದೆ ಕೈಚಾಚದೆ ತಾವೇ ನೋಡಿಕೊಂಡಿದ್ದಾರೆ, ಈ ಸಲದ ಹಣವನ್ನು ನಿಜವಾಗಿ ಕಷ್ಟದಲ್ಲಿರುವ ಶಾಲೆಗಳಿಗೆ ಕೊಡಲು ಇದರಿಂದ ಅನುಕೂಲವಾಯಿತು ಎಂದರು.

ಜನ ಚಪ್ಪಾಳೆ ತಟ್ಟಿದರು! ತಮ್ಮ ಮಕ್ಕಳ ತಟ್ಟೆಯಿಂದ ಎತ್ತಿ ಬೇರೆ ಕಡೆ ಬಡಿಸುತ್ತೇನೆ ಎಂದವರಿಗೆ, ತಟ್ಟೆಯನ್ನು ಎಷ್ಟು ಚೆನ್ನಾಗಿ ತೊಳೆದಿದ್ದೀರಿ ಎಂದದ್ದಕ್ಕಾಗಿ, ಅಂಗೈ ಕೆಂಪಾಗುವಂತೆ ತಟ್ಟಿದರು. ಆಟೋದವನು ಶಿಳ್ಳೆ ಹಾಕಿದ. ಪಂಕ್ಚರ್ ಅಂಗಡಿಯವನೂ ತಟ್ಟಿದ, ಹೆಂಡತಿ ನೋಡುತ್ತಿದ್ದಾಳೆಂದು ತಿಳಿದು ನಿಲ್ಲಿಸಿದ.

ಚಪ್ಪಾಳೆ ನಿಲ್ಲುವ ತನಕ ಕಾದು ಲಾಡ್ಜಕ್ಕ ಕೇಳಿದಳು. ಮೈಕು ಬೇಕಾಗಲಿಲ್ಲ.

"ಸಾರ್, ಈಗ ನೀವು ಎಲ್ಲಿಗೆ ಹೋಗಿ ಬಂದ್ರಿ?"

ಸಾಹೇಬರು ತಬ್ಬಿಬ್ಬಾದರು. ಯಾರೋ ಶ್ ಎಂದರು.

"ತಪ್ಪು ತಿಳ್ಕೋಬೇಡಿ ಸಾರ್. ನಿಮಗೆ ಬೇಕೂಂತಾನೇ ಅಷ್ಟೊಂದು ಕುಡಿಸಿದ್ದು ನಾನು. ಇಷ್ಟು ಚೆಂದದ ಶಾಲೆ ಬಿಟ್ಟು ಇನ್ನೊಬ್ಬರ ಮನೆಗೆ ಯಾಕೆ ಹೋಗ್ಬೇಕಾಯ್ತು ಅಂತ ಇವರನ್ನ ಕೇಳಿ. ನೀವು ದೊಡ್ಡವರು, ನಿಮಗೆ ಅಧ್ಯಕ್ಷರ ಮನೆ ಇದೆ. ನಮ್ಮ ಹೆಣ್ಣು ಮಕ್ಕಳಿಗೆ ಎಲ್ಲಿದೆ?"

"ಲೇ, ಸಾಕು" ಎಂದ ಗಂಡ.

"ಸಾಕಾಗಿದ್ದಕ್ಕೇ ಹೇಳ್ತಿದ್ದೀನಿ. ಇಲ್ಲೇ ಕೂತಿದ್ದಾಳೆ ನೋಡಿ ನನ್ನ ಮಗಳು, ಮಿಂಚು. ಏಳು ಪುಟ್ಟಿ, ಸಾಹೇಬ್ರಿಗೆ ಕಾಣ್ಲಿ. ಬೆಳಿಗ್ಗೆಯಿಂದ ಸಂಜೆ ತನಕ ಒಂದು ಗುಟುಕು ನೀರು ಕುಡಿಯಲ್ಲ ಇವಳು. ತಡೆದೂ ತಡೆದೂ ಉರಿಮೂತ್ರ ಬಂದು, ಕೂತಲ್ಲಿ ಒದ್ದೆ ಮಾಡ್ಕೊಂಡು ಜ್ವರದಲ್ಲಿ ಬಿದ್ದಿದ್ಲು. ಹೂಕುಂಡ ತೆಗೆಸಿ ನೋಡಿ ಸಾರ್, ಅದರ ಹಿಂದೆ ಏನಿದೆ ಅಂತ."

ಇಡೀ ಶಾಲೆ ಮಿಂಚುವಿನ ಕಡೆ ತಿರುಗಿತು. ಹಿಂದಿನ ಸಾಲಿನ ಹುಡುಗರು ನೋಡಲು ಕುರ್ಚಿಯ ಮೇಲೆ ಎದ್ದು ನಿಂತರು. ಎದ್ದು ನಿಂತಿದ್ದ ಮಿಂಚು ಕುಳಿತಳು. ಕುಳಿತು ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡಳು. ಲಾಡ್ಜಕ್ಕ ಅದನ್ನು ನೋಡಲಿಲ್ಲ. ಅವಳು ಸಾಹೇಬರ ಮುಖವನ್ನು ನೋಡುತ್ತಿದ್ದಳು.

ಸಾಹೇಬರು ಹಿಂದುಗಡೆಗೆ ಹೋದರು. ಕುಂಡ ಸರಿಸಿದರು, ಮೊಳೆ ಕೀಳಿಸಿದರು, ನೀಲಿ ಬಾಗಿಲು ದಢಾರನೆ ಅವರ ಕಾಲ ಬುಡಕ್ಕೇ ಬಿತ್ತು. ಒಳಗೆ ಒಮ್ಮೆ ನೋಡಿ ಕರವಸ್ತ್ರ ಮೂಗಿಗೆ ಹಿಡಿದು, ಯಾರ ಜೊತೆಯೂ ಮಾತಾಡದೆ ಕಾರು ಹತ್ತಿದರು. ಆದರೆ ಹಣ ಬಂತು. ಇಡೀ ಶಾಲೆಗಲ್ಲ, ಒಂದು ಕಕ್ಕಸಿಗೆ. ಸೂರು ಸೋರುವುದು ಹಾಗೇ ಉಳಿಯಿತು, ಅದರ ಬಗ್ಗೆ ಕೇಳಲು ಲಾಡ್ಜಕ್ಕನಿಗೆ ಅಂದು ನೆನಪಾಗಿರಲಿಲ್ಲ, ಉಳಿದವರಿಗೆ ಮನಸ್ಸಿರಲಿಲ್ಲ.

ಬೀದಿ ಅವಳ ಜೊತೆ ಮಾತು ಬಿಟ್ಟಿತು. ಮಾನ ಕಳೆದವಳು ಎಂದು ಮೂಗು ಮುರಿದ ಜನ ಹೊಸ ಕಕ್ಕಸಿನ ಉದ್ಘಾಟನೆಗೆ ಮಾತ್ರ ಹೊಸ ಬಟ್ಟೆಯಲ್ಲಿ ಬಂದರು. ಅಮೃತಶಿಲೆಯ ಫಲಕ ಹಾಕಿದ್ದರು. ಅದರಲ್ಲಿ ಅಧ್ಯಕ್ಷನ ಹೆಸರು ಇತ್ತು, 'ಅವರ ಅವಿರತ ಶ್ರಮದಿಂದ' ಎಂದೂ ಇತ್ತು. ಅಧ್ಯಕ್ಷ ರಿಬ್ಬನ್ನು ಕತ್ತರಿಸಿ ಫೋಟೋಕ್ಕೆ ನಿಂತ. ಅಂಥ ಜಾಗದ ಮುಂದೆ ಅಷ್ಟು ಹೆಮ್ಮೆಯಿಂದ ನಿಂತ ಮನುಷ್ಯನನ್ನು ಲಾಡ್ಜಕ್ಕ ಬೇರೆಲ್ಲೂ ಕಂಡಿರಲಿಲ್ಲ. ಅವನ ಫಲಕ ಅವನೇ ಇಟ್ಟುಕೊಳ್ಳಲಿ, ಮಗಳಿಗೆ ಹೋಗಲು ಜಾಗವಾಯಿತಲ್ಲ ಎಂದು ಹಗುರಾಗಿ ಮನೆಗೆ ಬಂದಳು.

ಕೆಲವು ದಿನ ಕಳೆದು ಮಗಳ ಚೀಲದಿಂದ ಬಾಟಲಿ ತೆಗೆದರೆ, ಬಾಟಲಿ ತುಂಬಿತ್ತು.

"ಯಾಕೇ? ಹೊಸದು ಕಟ್ಟಿದ್ದಾರಲ್ಲ, ನೀರೂ ಬರ್ತಿದೆ. ಇನ್ನೇನು ರೋಗ?"

ಮಿಂಚು ಗೋಡೆಯ ಕಡೆ ತಿರುಗಿ ಕೂತಳು. ಸಾಹೇಬರು ಬಂದು ಹೋದಾಗಿನಿಂದ ಅವಳು ಅಮ್ಮನ ಜೊತೆ ಮಾತಾಡುವುದೇ ಕಡಿಮೆಯಾಗಿತ್ತು. ಗೆದ್ದ ಗುಂಗಿನಲ್ಲಿ ಲಾಡ್ಜಕ್ಕ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಗದರಿದ ಮೇಲೆ ಮಗಳು ಗೋಡೆ ನೋಡುತ್ತ ಹೇಳಿದಳು.

"ಅದಕ್ಕೆ ಹೆಸರಿಟ್ಟಿದ್ದಾರೆ. ಮಿಂಚು ಮಹಲ್ ಅಂತ. ಯಾರು ಹೋಗೋದಾದ್ರೂ ಮಿಂಚು ಮಹಲಿಗೆ ಹೋಗಿ ಬರ್ತೀನಿ ಅಂತಾರೆ. ಹುಡುಗ್ರೂ ಅಂತಾರೆ. ನಾನು ಎದ್ರೆ ಸಾಕು, ಎಲ್ರೂ ಬಾಗಿಲ ತನಕ ಬಂದು ಹಾಡ್ತಾರೆ."

"ಯಾವನವನು? ನಾಳೆ ಬಂದು ಅವನ ಅಪ್ಪ ಅಮ್ಮಂಗೆ..."

"ಬೇಡ!" ಎಂದು ಕಿರುಚಿದಳು ಮಿಂಚು. "ನೀನು ಏನೂ ಹೇಳ್ಬೇಡ, ಯಾರಿಗೂ ಹೇಳ್ಬೇಡ! ಅವತ್ತು ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ಯಾ ಅಮ್ಮಾ?"

ಲಾಡ್ಜಕ್ಕ ಕೂತಲ್ಲೇ ಕೂತಳು. ಲಾಡ್ಜಿನಲ್ಲಿ ಎಂಥ ಕೊಳಕು ಗಿರಾಕಿಯಿದ್ದರೂ, ರೂಮು ಖಾಲಿಯೆಂದು ಗೊತ್ತಿದ್ದರೂ ಬಾಗಿಲು ತಟ್ಟದೆ ಒಳಗೆ ಕಾಲಿಟ್ಟವಳಲ್ಲ ಅವಳು. ಹೆತ್ತ ಮಗಳ ವಿಷಯದಲ್ಲಿ ತಟ್ಟಬೇಕೆಂದೂ ಅನ್ನಿಸಿರಲಿಲ್ಲ. ಬಾಗಿಲನ್ನೇ ಕಿತ್ತು ಬೀದಿಯವರ ಮುಂದೆ ಇಟ್ಟಿದ್ದಳು. ಬೀದಿಯವರು ಮುಚ್ಚಬಾರದ್ದನ್ನು ಮುಚ್ಚಿದರೆಂದು ಅವರನ್ನು ಹೀನಾಯವಾಗಿ ಬೈದವಳು, ಮುಚ್ಚಬೇಕಾದ್ದನ್ನು ಬಿಚ್ಚಿ ಹಾಕಿದ್ದಳು. ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ತಪ್ಪಾಯಿತು ಎನ್ನಬೇಕಿತ್ತು, ಆ ಮಾತಿನ ಅಭ್ಯಾಸ ಅವಳಿಗಿರಲಿಲ್ಲ.

ಮರುದಿನ ಊಟದ ಗಂಟೆಗೆ ಲಾಡ್ಜಕ್ಕ ಕೆಲಸದ ಏಪ್ರನ್ನಿನಲ್ಲೇ ಶಾಲೆಗೆ ಬಂದಳು. ಹೊಸ ಕಕ್ಕಸಿನ ಮುಂದೆ ಹುಡುಗಿಯರ ಸಾಲಿತ್ತು, ಸ್ವಲ್ಪ ದೂರದಲ್ಲಿ ಹುಡುಗರ ಹಿಂಡು. ಮಿಂಚು ಎಲ್ಲರಿಂದ ದೂರ ಕಾಂಪೌಂಡಿಗೆ ಒರಗಿ ನಿಂತಿದ್ದಳು. ಅಮ್ಮನನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು. ಲಾಡ್ಜಕ್ಕ ಯಾರನ್ನೂ ಬೈಯಲಿಲ್ಲ, ಮಗಳ ಕಡೆ ನೋಡಲೂ ಇಲ್ಲ. ಸಾಲಿನ ಕೊನೆಯಲ್ಲಿ ನಿಂತು, ಸರದಿ ಬಂದಾಗ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡಳು. ಮಕ್ಕಳು ಉಸಿರು ಬಿಗಿಹಿಡಿದು ನಿಂತರು. ಒಳಗೆ ನೀರು ಬಿಟ್ಟ ಸದ್ದಾಯಿತು. ಹೊರಗೆ ಬಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹುಡುಗರ ಹಿಂಡಿಗೆ ಹೇಳಿದಳು:

"ಹೆಸರು ಇಡೋದಾದ್ರೆ ಸರಿಯಾಗಿ ಇಡ್ರೋ. ಇದು ಲಾಡ್ಜಕ್ಕನ ಮಹಲ್. ಊರ ಮುಂದೆ ಹೇಳಬಾರದ್ದು ಹೇಳಿ ಇದನ್ನ ಕಟ್ಸಿದ್ದು ನಾನು, ಅವಳಲ್ಲ. ನಗೋದಾದ್ರೆ ನನ್ನ ನೋಡಿ ನಗಿ, ದಿನಾ ಬರ್ತೀನಿ."

ಒಬ್ಬಿಬ್ಬರು ನಕ್ಕೇಬಿಟ್ಟರು. ನಗಲಿ ಎಂದು ಅವಳು ನಿಂತೇ ಇದ್ದಳು. ದೊಡ್ಡವಳೊಬ್ಬಳು ನಗುವಿಗೆ ಸಿಕ್ಕಲು ತಾನಾಗಿ ಬಂದು ನಿಂತರೆ ನಗು ಬಹಳ ಹೊತ್ತು ನಡೆಯುವುದಿಲ್ಲ. ಹುಡುಗರು ಒಬ್ಬೊಬ್ಬರಾಗಿ ಆಟದ ಕಡೆ ಸರಿದರು, ಸಾಲೂ ಕರಗಿತು.

ಮಿಂಚು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತಳು. ಅಮ್ಮನ ಮುಖ ನೋಡಲಿಲ್ಲ.

"ಚಿಲಕ ಕೂರಲ್ಲ ಅಲ್ವಾ?" ಎಂದಳು.

ಕೂರುತ್ತಿರಲಿಲ್ಲ. ಅಮೃತಶಿಲೆಗೆ ದುಡ್ಡು ಹಾಕಿದವರು ಚೌಕಟ್ಟಿಗೆ ಒಂದು ತೂತು ಕೊರೆಯಲು ಮರೆತಿದ್ದರು. ಒಳಗಿದ್ದಷ್ಟು ಹೊತ್ತೂ ಲಾಡ್ಜಕ್ಕ ಬಾಗಿಲನ್ನು ಒಂದು ಕಾಲಿನಿಂದ ಒತ್ತಿ ಹಿಡಿದಿದ್ದಳು.

"ನಿಂಗೆ ಹೇಗೆ ಗೊತ್ತು?"

"ಮೊದಲ್ನೇ ದಿನಾನೇ ಹೋಗಿದ್ದೆ. ಹೊರಗಿಂದ ಬಾಗಿಲು ತಳ್ಳಿದ್ರು."

ಲಾಡ್ಜಕ್ಕನ ಗಂಟಲ ತನಕ ಬೈಗುಳ ಬಂತು. ಯಾರು, ಯಾವನು, ಯಾರ ಮಗ ಎಂಬ ಮಾತೆಲ್ಲ ಸಾಲಾಗಿ ಬಂದು ನಿಂತವು. ಅವಳು ಎಲ್ಲವನ್ನೂ ನುಂಗಿಕೊಂಡು, ಇದುವರೆಗೆ ಯಾರನ್ನೂ ಕೇಳದ ರೀತಿಯಲ್ಲಿ ಮಗಳನ್ನು ಕೇಳಿದಳು.

"ನಾನೇನು ಮಾಡ್ಲಿ ಪುಟ್ಟಿ? ನೀನೇ ಹೇಳು."

ಮಿಂಚು ಬಾಗಿಲ ಕಡೆ ನೋಡಿದಳು.

"ಏನೂ ಮಾತಾಡ್ಬೇಡ" ಎಂದಳು. "ಬಾಗಿಲು ಹಿಡ್ಕೋ."

ಅವಳು ಒಳಗೆ ಹೋದಳು. ಲಾಡ್ಜಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಹಿಂದೆ ಗಟ್ಟಿಯಾಗಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಳು.